ವಾಟ್ನಿಗೆ ಬಾರದ್ದು

ಅಂಗಡಿ ವಾಟ್ನಿ ಆದಾಗ
ತಕ್ಕಡಿ ಅಣ್ಣಗ, ತಾಡಪತ್ರಿ ತಮ್ಮಗ,
ಚೀಲ ಹೊಲಿಯೋ ಮಷೀನು ಅಣ್ಣಗ, ಗಲ್ಲಾಪೆಟ್ಟಿಗಿ ತಮ್ಮಗ.
ಗೋಡೌನಿನ ನಟ್ಟನಡುವ ಗ್ವಾಡಿ ಎದ್ದು ಬಂದು
ಕಂಪ್ಯೂಟರ್ ಮುಂದ ನಿಂತತು.
ಹದಿನೆಂಟು ವರ್ಷದ ಲೆಕ್ಕ ಅದರ ಹೊಟ್ಟ್ಯಾಗ,
ಕೊಯ್ದು ಹಂಚಾಕ ಬರೂದಿಲ್ಲ.
ನನ್ನೂ ಹಂಗ.
ಅದಕ್ಕ ಗ್ವಾಡಿಗೆ ಮೂರು ಫೂಟಿನ ಕಿಂಡಿ ಬಿಟ್ರು,
ಕಿಂಡ್ಯಾಗ ಟೇಬಲ್ಲು, ಟೇಬಲ್ ಹಿಂದ ನಾನು,
ಎರಡೂ ಕಡಿಯಿಂದ ಅರ್ಧರ್ಧ ಪಗಾರ.

ಬಣ್ಣದ ಚಕ್ರದ ಬ್ರೌಸರಿನ್ಯಾಗ ಗುರುಶಾಂತಪ್ಪನವರ ವಾಟ್ಸ್ಯಾಪು,
ನರಿಬಾಲದ ಬ್ರೌಸರಿನ್ಯಾಗ ಉಳವಪ್ಪನವರದು,
ಮೂಲ್ಯಾಗ ಸಣ್ಣಗ, ಕದ್ದು ತಿಂದಂಗ, ನಂದು.
ಒಮ್ಮೊಮ್ಮೆ ಕೊಂಡಿ ಕಳಚತೈತಿ.
ಆವಾಗ ಇಬ್ರೂ ಬರಬೇಕು,
ಪರದೆ ಮ್ಯಾಲಿನ ಚುಕ್ಕಿಚುಕ್ಕಿ ಚೌಕದ ಮುಂದ
ಆರತಿ ಹಿಡದಂಗ ಫೋನ್ ಹಿಡದು ನಿಂದರಬೇಕು,
ಮೊಳಕೈಗೆ ಮೊಳಕೈ ತಾಗೂವಷ್ಟು ಹತ್ರ.
"ಆತಾ?" ಅಂತ ಇಬ್ರೂ ನನ್ನ ಕೇಳ್ತಾರ.

ಸೋಮವಾರ, ಗುರುವಾರ ಬ್ಯಾಡಗಿಗೆ ಬ್ಯಾಡಗೀನ ಸೀನತೈತಿ.
ಡಬ್ಬಿ ಎಷ್ಟಕ್ಕ ಹೋತು, ಕಡ್ಡಿ ಎಷ್ಟಕ್ಕ ನಿಂತತು,
ಮೂರೂ ಕಿಟಕಿ ಒಮ್ಮೆಲೆ ಬಾಯಿ ತಗೀತಾವ.
ಅಣ್ಣ ಈ ಕಡಿಯಿಂದ: "ಅವಗ ಬರಿ,
ನನ್ನ ಹನ್ನೆರಡು ಚೀಲ ಅವನ ಲಾಟಿನ್ಯಾಗ ಕೂಡ್ಯಾವ."
ಬರದೆ. ನರಿಬಾಲದಾಗ ಟಣ್ ಅಂತು. ಓದಿ ಹೇಳಿದೆ.
ತಮ್ಮ ಆ ಕಡಿಯಿಂದ: "ಮೊದಲು ಎಣಿಸಾಕ ಕಲಿ ಅಂತ ಬರಿ ಅವಗ."
ನಾನು ಬರದದ್ದು: ಎಣಿಸಿ ನೋಡತೇವಿ.
ಮೂರು ವರ್ಷದಿಂದ ಅಣ್ಣತಮ್ಮ ಮಾತಾಡ್ಯಾರ ಅಂದ್ರ
ನನ್ನ ಎಡಗೈ ನನ್ನ ಬಲಗೈ ಕೂಡ ಮಾತಾಡೇತಿ.
ಖಾರ ಸೋಸೂದಕ್ಕ ಬ್ಯಾರೆ ಪಗಾರ ಇಲ್ಲ.

ಹೋದ ಗುರುವಾರ ಎರಡು ಹೊಡದಿತ್ತು.
ಕೈಯೆಲ್ಲ ಘಾಟು, ಕಣ್ಣು ತಿಕ್ಕೊಳ್ಳಂಗಿಲ್ಲ.
ಹುಬ್ಬಳ್ಳಿಗೆ ಲೋಡ್ ಒಯ್ದಿದ್ದ ನಮ್ಮನ್ಯಾರಿಗೆ
ಉರಿಗಣ್ಣಾಗ ಬರದೆ:
ಊಟ ಆತ್ರೀ? ಖಾರ ತಿನಬ್ಯಾಡ್ರಿ, ಹೊಟ್ಟಿ ನೆನಪಿರಲಿ.
ಒತ್ತಿದೆ.
ಟಣ್ ಅಂದದ್ದು ಬಣ್ಣದ ಚಕ್ರ.
ತಮ್ಮನ ಹೆಸರಿಲೆ ಅಣ್ಣಗ ಹೋಗಿತ್ತು.
ಮೂರು ವರ್ಷದಾಗ ಆ ಕಡಿಯಿಂದ ಈ ಕಡಿಗೆ
ಒಂದ 'ರೀ' ಸುದ್ದಾ ದಾಟಿರಲಿಲ್ಲ.

ಎಲ್ಲರಿಗೂ ಅಳಿಸು ಅನ್ನೋ ಸಾಲಿನ ಮ್ಯಾಲ ಬಾಣ ಒಯ್ದಿಟ್ಟೆ.
ಅಷ್ಟರಾಗ ಗ್ವಾಡಿ ಆಚೆ ಅವರ ಕಿಸೆದಾಗೂ ಟಣ್.
ನಾನು ತಗದಿರಲಿಲ್ಲ, ಆದ್ರೂ ಗೀಟು ಎರಡೂ ನೀಲಿ ಆದುವು.
ಗುರುಶಾಂತಪ್ಪನವರಿಗೂ ಹೊಟ್ಟಿಹುಣ್ಣು ಐತಿ, ಆಗ ನೆನಪಾತು.
ಮೆಣಸಿನಕಾಯಿ ವ್ಯಾಪಾರದವರು, ಮಂದಿಗೆ ಹೇಳಿಲ್ಲ,
ಮನಿಯವ್ರಿಗಷ್ಟ ಗೊತ್ತು.

ನರಿಬಾಲದ ಕಿಟಕ್ಯಾಗ, ಅಣ್ಣನ ಹೆಸರಿನ ಕೆಳಗ,
ಟೈಪಿಂಗ್…
ನನ್ನ ಎರಡೂ ಕೈ ತೊಡಿ ಮ್ಯಾಲಿದ್ದುವು.
ಸಹಿ ಬಿಟ್ಟು ಏನೂ ಬರಿಯದ ಮನಷ್ಯಾ.
ನಿಂತತು. ಮತ್ತ ಶುರು. ಮತ್ತ ನಿಂತತು.
ಹಮಾಲ್ರು "ಸರೀರಿ, ಸರೀರಿ" ಅಂತ ಚೀಲ ಹೊತ್ತು ಹೋದ್ರು.
ಬಂತು:
ಆತು ನಿಂದ
ಪ್ರಶ್ನೆಚಿಹ್ನೆ ಎಲ್ಲಿರತೈತಿ ಅಂತ ಅವರಿಗೆ ಗೊತ್ತಿಲ್ಲ.

ಉಳವಪ್ಪನವರು ಬ್ಯಾಂಕಿಗೆ ಹೋಗಿದ್ರು.
ಬಂದ್ರು. "ಏನರ ಬಂದೈತೇನವಾ?" ಅಂದ್ರು.
ಓದಿ ಹೇಳೂದು ನನ್ನ ಕೆಲಸ. "ನೀವ ನೋಡ್ರಿ" ಅಂದೆ.
ಅದಕ್ಕೂ ಮೊದಲ ಮೌಸಿನ ಬಲಗಿವಿ ಒತ್ತಿ
ಓದಿಲ್ಲ ಅಂತ ಗುರುತು ಹಾಕಿದ್ದೆ,
ಹಸರು ಚುಕ್ಕಿ ಮತ್ತ ಹೊತ್ತಿತ್ತು.
ಅವರು ಚಾಳೀಸು ಹುಡುಕ್ಕೋಂತ ಒಳಗ ಹೋದ್ರು.

ಮಷೀನು ಬಂದ್ ಮಾಡೂಮುಂದ
ಮೂಲ್ಯಾಗಿನ ಸಣ್ಣ ಕಿಟಕಿ ಬೆಳಗಿತು.
ನಮ್ಮನ್ಯಾರು:
ಇವತ್ತ ಊಟ ಆತ ಅಂತ ಕೇಳಲಿಲ್ಲಲ್ಲ.
ಯಾಕ, ಸಿಟ್ಟೇನ?